ಮಣಲಿಯ ಎಣ್ಣೆಯೂ ಮಲೆಯ ಚಳಿಯೂ

ಧನುರ್ಮಾಸ ಪ್ರವೇಶವಾಯಿತೆಂದರೆ ಚೆನ್ನೈನಗರದಲ್ಲಿರುವ ನಮ್ಮ ಹೋಟೇಲು ಬಂಧುಗಳಿಗೆ ಊರಿನ ನೆನಪು ತೀವ್ರವಾಗುತ್ತದೆ. ಪೊಂಗಲಿನ ಸಮಯದಲ್ಲಿ ಮೂರು ನಾಲ್ಕು ದಿನಗಳ ರಜೆ ಸಿಕ್ಕುವ ಸಂಭವವುಂಟೆಂದು ತಿಳಿದೊಡನೆ ಹತ್ತು ಹನ್ನೆರಡು ಮಂದಿ ಒಟ್ಟುಗೂಡಿ, ತಲೆಗಿಷ್ಟು ಎಂದು ಹಣ ಹಾಕಿ, ಒಂದು ವ್ಯಾನನ್ನು ಗೊತ್ತುಮಾಡಿಕೊಂಡು ಹೊರಟುಬಿಡುವುದು ರೂಢಿಯಾಗಿದೆ. ರೈಲಿನಲ್ಲಿ ಸ್ಥಳ ದೊರೆಯುವುದು ಆ ದಿನಗಳಲ್ಲಿ ದೇವರ ವರವಿದ್ದಂತೆ. ಆದುದರಿಂದ ವ್ಯಾನೇ ಗತಿ. ಹೊರಡುವ ಮುನ್ನ ಟೈರನ್ನು ನೋಡುತ್ತಾರೆ, ಡೀಸೆಲು ತುಂಬಿಸುತ್ತಾರೆ, ಗಾಜಿಗೆ ಗಂಧ ಹಚ್ಚಿ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಡುತ್ತಾರೆ. ಸ್ಟಿಯರಿಂಗಿನ ಎಣ್ಣೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ಇಂದು ನಾನು ಬರೆಯಹೊರಟಿರುವುದು ಆ ಎಣ್ಣೆಯನ್ನು ಕುರಿತು.

ವಾಚಕರು ನಗಬಹುದು. ಮಣಲಿಯಲ್ಲಿ ಕುಳಿತು ಚಳಿಗಾಲದ ಎಣ್ಣೆಯ ಮಾತೇ, ಇವನು ಹಿಮಾಚಲದ ಮನಾಲಿಯನ್ನೂ ನಮ್ಮ ಮಣಲಿಯನ್ನೂ ಒಂದೇ ಎಂದು ತಿಳಿದನೇ ಎಂದು ಕೇಳಬಹುದು. ಆ ಮನಾಲಿಯಲ್ಲಿ ಮಾಘಮಾಸದ ರಾತ್ರಿ ನೀರು ಗಡ್ಡೆಕಟ್ಟುತ್ತದೆ. ಈ ಮಣಲಿಯಲ್ಲಿ ಅದೇ ರಾತ್ರಿ ಫ್ಯಾನಿನ ಕೆಳಗೆ ಮಲಗಿಯೂ ಮೈ ಬೆವರುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎಂದೋ ಒಮ್ಮೆ ಇಲ್ಲಿಯ ಉಷ್ಣತೆ ಹದಿನಾಲ್ಕು ಡಿಗ್ರಿಯ ಸಮೀಪಕ್ಕೆ ಇಳಿದದ್ದೇ ಈ ನಗರಕ್ಕೆ ಮಹಾಶೀತವೆನಿಸಿತು. ನಿಜ. ಆದರೆ ನಮ್ಮ ವ್ಯಾನು ಮಣಲಿಯಲ್ಲೇ ನಿಂತಿರುವುದಿಲ್ಲವಲ್ಲ! ರಾತ್ರಿ ಎಂಟಕ್ಕೆ ಇಲ್ಲಿಯ ಬೆವರಿನಲ್ಲಿ ಹೊರಟದ್ದು ಮರುದಿನ ನೀಲಗಿರಿಯಲ್ಲಿಯೋ ಮಲೆನಾಡಿನಲ್ಲಿಯೋ ಇರುತ್ತದೆ. ಮನುಷ್ಯನಾದರೆ ಕಂಬಳಿ ಹೊದೆದಾನು. ಎಣ್ಣೆಗೆ ಕಂಬಳಿಯಿಲ್ಲ.

ಕಳೆದ ವರ್ಷದ ಧನುರ್ಮಾಸದ ಮಾತು. ಮಣಲಿಯ ಹೆದ್ದಾರಿಯ ಬದಿಯಲ್ಲಿರುವ ಒಂದು ಹೋಟೇಲಿನ ಒಂಬತ್ತು ಮಂದಿ ನೌಕರರೂ, ಅಲ್ಲಿಯೇ ಊಟದ ಲೆಕ್ಕ ಇಟ್ಟುಕೊಂಡಿರುವ ನಾವು ಮೂವರು ಗುಮಾಸ್ತರೂ ಸೇರಿ, ಉದಕಮಂಡಲ, ಮೈಸೂರು, ಧರ್ಮಸ್ಥಳಗಳನ್ನು ನೋಡಿಕೊಂಡು ಕುಂದಾಪುರ ತಲಪುವುದೆಂದು ನಿಶ್ಚಯಿಸಿದೆವು. ವ್ಯಾನು ಹೋಟೇಲಿನದೇ. ಬೆಳಗಿನ ಜಾವ ಕೋಯಂಬೇಡಿನಿಂದ ತರಕಾರಿ ತರುವುದು ಅದರ ನಿತ್ಯಕರ್ಮ. ಪ್ರಾಯ ಹದಿನೈದು ವರ್ಷ ದಾಟಿದೆ. ಅದನ್ನು ನಡೆಸುವವನು ಅದೇ ಹೋಟೇಲಿನಲ್ಲಿ ಟೇಬಲ್ ಒರೆಸುತ್ತ ಕೆಲಸಕ್ಕೆ ಸೇರಿ, ಬಿಡುವಿನಲ್ಲಿ ಮೋಟಾರು ಕಲಿತು ಲೈಸೆನ್ಸು ಪಡೆದ ನಮ್ಮೂರ ಕಡೆಯ ತರುಣ. ಸ್ಟಿಯರಿಂಗಿನ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಸೋರುತ್ತಿದೆಯೆಂದು ಅವನು ಒಂದು ತಿಂಗಳಿನಿಂದ ಮ್ಯಾನೇಜರಿಗೆ ಹೇಳುತ್ತಿದ್ದನು. ದುರಸ್ತಿಗೆ ಹಣ ಮಂಜೂರಾಗಲಿಲ್ಲ. ಹೊರಡುವ ಸಂಜೆ ಅವನು ಬಿಡಿ ಎಣ್ಣೆ ಮಾರುವ ಒಂದು ಅಂಗಡಿಗೆ ಹೋದನು. ಅಂಗಡಿಯವನು, “ಸೋರುತ್ತಿದೆಯೇ? ಹಾಗಾದರೆ ದಪ್ಪ ಎಣ್ಣೆ ಹಾಕು, ತಂಬೀ, ನಿಂತುಹೋಗುತ್ತದೆ” ಎಂದು ಬುದ್ಧಿ ಹೇಳಿ, ಪೀಪಾಯಿಯಿಂದ ಒಂದು ಲೀಟರ್ ಅಳೆದುಕೊಟ್ಟನು. ಅದು ಗೇರುಪೆಟ್ಟಿಗೆಗೆ ಹಾಕತಕ್ಕ 90 ನಂಬರಿನ ಎಣ್ಣೆ ಎಂಬುದು ನಮಗೆ ತಿಳಿದದ್ದು ಅನಂತರ.

ಮಣಲಿಯಲ್ಲಿ ಸೋರುವುದು ನಿಜವಾಗಿಯೂ ನಿಂತಿತು. ಕೊಯಮತ್ತೂರಿನವರೆಗೂ, ಮೇಟ್ಟುಪಾಳ್ಯದಿಂದ ಮೇಲಕ್ಕೆ ಏರುವಾಗಲೂ ತೊಂದರೆಯಾಗಲಿಲ್ಲ. ಉದಕಮಂಡಲವು ಸಮುದ್ರಮಟ್ಟಕ್ಕಿಂತ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅದಕ್ಕೂ ಮೇಲೆ ತಲೆಯೆತ್ತಿರುವ ಶಿಖರದ ಹೆಸರು ದೊಡ್ಡಬೆಟ್ಟ. ಅಲ್ಲಿಯ ಬಡಗರ ಮಾತು ಕಿವಿಗೆ ಬಿದ್ದಾಗ ನಮ್ಮವರೆಲ್ಲ ಊರಿಗೆ ಬಂದಷ್ಟೇ ಹಿಗ್ಗಿದರು. ರಾತ್ರಿ ವ್ಯಾನು ಬಯಲಿನಲ್ಲಿ ನಿಂತಿತ್ತು. ಬೆಳಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಉಪ್ಪು ಎರಚಿದಂತೆ ಇಬ್ಬನಿ ಹೆಪ್ಪುಗಟ್ಟಿದೆ. ಇಂಜಿನು ಚಾಲೂ ಆದೊಡನೆ ಮುಂಭಾಗದಿಂದ ಎಮ್ಮೆ ನರಳಿದಂತೆ ಒಂದು ಶಬ್ದ ಹೊರಟಿತು. ಸ್ಟಿಯರಿಂಗು ಬಿಗಿ. “ಕಾದರೆ ಸರಿಯಾಗುತ್ತದೆ” ಎಂದು ನಾವೇ ಅವನನ್ನು ಹೊರಡಿಸಿದೆವು. ಆ ತಪ್ಪು ನಮ್ಮದು. ಗೂಡಲೂರಿನ ದಾರಿಯಲ್ಲಿ, ಪೈಕಾರ ಇನ್ನೂ ಬಂದಿರಲಿಲ್ಲ, ಒಂದು ತಿರುವಿನಲ್ಲಿ ಯಂತ್ರದ ಸಹಾಯ ಥಟ್ಟನೆ ತಪ್ಪಿ, ಚಕ್ರಗಳ ಭಾರವೆಲ್ಲ ಆ ತರುಣನ ತೋಳುಗಳ ಮೇಲೆ ಬಿತ್ತು. ಅವನು ಸೀಟಿನಿಂದ ಅರ್ಧ ಎದ್ದು ನಿಂತು ತಿರುಗಿಸಿದನು. ವ್ಯಾನಿನ ಎಡಚಕ್ರ ರಸ್ತೆಯ ಅಂಚಿನ ಕಲ್ಲನ್ನು ಏರಿ ನಿಂತಿತು. ಕಲ್ಲಿನಾಚೆ ಏನಿತ್ತೆಂದು ಬರೆಯಬೇಕಾದದ್ದಿಲ್ಲ. ಘಾಟಿ ಕಂಡವರು ಬಲ್ಲರು.

ಗೂಡಲೂರಿನ ಮೆಕ್ಯಾನಿಕ್ಕು ಎಣ್ಣೆಯನ್ನು ಹೊರತೆಗೆದು, “ಇದನ್ನು ಯಾರಪ್ಪಾ ಹಾಕಿದ್ದು?” ಎಂದು ಕೇಳಿದನು. ನಮ್ಮ ಅಡಿಗೆಯ ಭಟ್ಟರು ಎರಡು ಬೆರಳುಗಳ ನಡುವೆ ಅದನ್ನು ತೀಡಿ ಎಳೆದು ನೋಡಿ, “ಒಂದೆಳೆ ಪಾಕ ಮಾರಾಯ್ರೇ, ಜಹಾಂಗೀರಿಗೆ ಸರಿಯಾದ ಹದ” ಎಂದರು. ಎಲ್ಲರೂ ನಕ್ಕರು. ಆ ತರುಣನು ನಗಲಿಲ್ಲ.

ಭಟ್ಟರು ಹಾಸ್ಯಕ್ಕೆ ಹೇಳಿದ ಮಾತಿನಲ್ಲಿ ವಿಷಯದ ತಿರುಳೇ ಇದೆ. ಪವರ್ ಸ್ಟಿಯರಿಂಗ್ ಎಂಬುದು ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರ. ಇಂಜಿನಿನ ಬೆಲ್ಟಿನಿಂದ ತಿರುಗುವ ಒಂದು ಸಣ್ಣ ಪಂಪು ಡಬ್ಬಿಯಲ್ಲಿರುವ ಎಣ್ಣೆಯನ್ನು ಹೀರಿ, ಬಲವಾದ ಒತ್ತಡದಲ್ಲಿ ಸ್ಟಿಯರಿಂಗಿನ ಪೆಟ್ಟಿಗೆಗೆ ಕಳುಹಿಸುತ್ತದೆ. ಚಾಲಕನು ಚಕ್ರವನ್ನು ಯಾವ ಕಡೆಗೆ ತಿರುಗಿಸಿದನೋ ಆ ಕಡೆಯ ದಾರಿಯನ್ನು ಒಂದು ಕವಾಟ ತೆರೆಯುತ್ತದೆ. ನುಗ್ಗಿದ ಎಣ್ಣೆ ಕೊಂತವನ್ನು ತಳ್ಳುತ್ತದೆ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರು 1920ರ ದಶಕದಲ್ಲಿಯೇ ಇದನ್ನು ಮಾಡಿ ತೋರಿಸಿದ್ದನಾದರೂ, ಮಾರಾಟದ ಕಾರಿನಲ್ಲಿ ಅದು ಕಾಣಿಸಿಕೊಂಡದ್ದು 1951ರಲ್ಲಿ, ಕ್ರೈಸ್ಲರ್ ಕಂಪೆನಿಯ ಇಂಪೀರಿಯಲ್ ಕಾರಿನಲ್ಲಿ. ನಮ್ಮ ಅಂಬಾಸಿಡರಿನವರು ಬಹುಕಾಲ ತೋಳ್ಬಲವನ್ನೇ ನಂಬಿದ್ದರು. ಎಣ್ಣೆ ದಪ್ಪವಾದರೆ ಪಂಪು ಅದನ್ನು ಹೀರಲಾರದು. ಹೀರಲಾರದೆಡೆಯಲ್ಲಿ ಗಾಳಿಯ ಗುಳ್ಳೆಗಳು ಹುಟ್ಟಿ, ಒಡೆದು, ಪಂಪಿನ ಲೋಹವನ್ನೇ ಕಚ್ಚುತ್ತವೆ. ಎಮ್ಮೆಯ ನರಳಾಟವೆಂದು ನಾವು ಕೇಳಿದ್ದು ಅದನ್ನೇ. ತಿಳಿಸಾರನ್ನು ಕೊಳವೆಯಿಂದ ಹೀರಬಹುದು. ಪಾಕವನ್ನು ಹೀರಲು ಹೋದವನ ಕೆನ್ನೆ ನೋಯುತ್ತದೆ.

ಎಣ್ಣೆ ಚಳಿಯಲ್ಲಿ ಏಕೆ ದಪ್ಪವಾಗುತ್ತದೆ? ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದವರು ಮಾರ್ಗಶಿರದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಟ್ಟು ಕರಗಿಸಿಕೊಂಡದ್ದು ನೆನಪಿರಬಹುದು. ಸುಮಾರು 24 ಡಿಗ್ರಿಯ ಕೆಳಗೆ ಅದು ಗಟ್ಟಿ. ಅದರ ಪಕ್ಕದಲ್ಲಿಯೇ ಇರುವ ಕಡಲೆಕಾಯಿ ಎಣ್ಣೆಯೂ ಎಳ್ಳೆಣ್ಣೆಯೂ ತಿಳಿಯಾಗಿಯೇ ಇರುತ್ತವೆ. ಎಣ್ಣೆ ಎಣ್ಣೆಗೂ ಅಷ್ಟು ಭೇದ. ನೆಲದಿಂದ ತೆಗೆದ ಎಣ್ಣೆಯಲ್ಲಿಯೂ ಹೀಗೆಯೇ. ಅದರಲ್ಲಿ ಮೇಣ ಸೇರಿಕೊಂಡಿರುತ್ತದೆ. ಚಳಿ ತಗಲಿದೊಡನೆ ಮೇಣ ಹರಳುಗಟ್ಟಿ, ಎಣ್ಣೆಯನ್ನು ಹರಿಯಗೊಡದೆ ಹಿಡಿದುಕೊಳ್ಳುತ್ತದೆ.

ಆ ಮೇಣವನ್ನು ತೆಗೆಯುವ ಕೆಲಸ ನಡೆಯುವುದು ನಮ್ಮ ಮಣಲಿಯಲ್ಲಿಯೇ ಎಂಬುದು ಸೋಜಿಗ. ಇಲ್ಲಿಯ ಚಿಮಣಿಗಳ ಬೆಂಕಿಯನ್ನು ರಾತ್ರಿ ಪಾಳಿ ಮುಗಿಸಿ ಮಲಗುವಾಗ ಕಿಟಕಿಯಿಂದ ಕಾಣದ ಹೋಟೇಲು ನೌಕರನಿಲ್ಲ. 1965ರಲ್ಲಿ ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಲ್ಲಿ, ಭಾರತ ಸರಕಾರ, ಅಮೆರಿಕದ ಆಮೊಕೊ ಮತ್ತು ಇರಾನಿನ ರಾಷ್ಟ್ರೀಯ ತೈಲ ಕಂಪೆನಿಗಳು ಸೇರಿ ಸ್ಥಾಪಿಸಿದ ಸಂಸ್ಥೆ ಇದು. 1969ರಲ್ಲಿ ವರ್ಷಕ್ಕೆ 25 ಲಕ್ಷ ಟನ್ ಕಚ್ಚಾತೈಲ ಶುದ್ಧಿಮಾಡುವ ಸಾಮರ್ಥ್ಯದೊಡನೆ ಕಾರ್ಯಾರಂಭವಾಯಿತು. ಈಗಿನ ಹೆಸರು ಚೆನ್ನೈ ಪೆಟ್ರೋಲಿಯಂ ಕಾರ್ಪೊರೇಷನ್. ಪೆಟ್ರೋಲು ಡೀಸೆಲುಗಳಲ್ಲದೆ ಕೀಲೆಣ್ಣೆಗಳ ಮೂಲತೈಲವನ್ನೂ ಇಲ್ಲಿ ತಯಾರಿಸುತ್ತಾರೆ. ಭಾರವಾದ ಎಣ್ಣೆಯನ್ನು ದ್ರಾವಕದೊಡನೆ ಬೆರೆಸಿ, ಸೊನ್ನೆಗಿಂತಲೂ ಕೆಳಕ್ಕೆ ತಣಿಸಿ, ಹರಳುಗಟ್ಟಿದ ಮೇಣವನ್ನು ಸೋಸಿ ತೆಗೆಯುವುದು ಅದರ ಒಂದು ಘಟ್ಟ. ಬೆವರಿಳಿಯುವ ಈ ಊರಿನಲ್ಲಿ, ಗೋಡೆಯಾಚೆ, ಕಬ್ಬಿಣದ ಪಾತ್ರೆಗಳೊಳಗೆ ಎಣ್ಣೆಗೆ ಉದಕಮಂಡಲವನ್ನು ಮೀರಿದ ಚಳಿಯನ್ನು ಮೊದಲೇ ಉಣಿಸಿಬಿಡುತ್ತಾರೆ.

ಮೇಣ ತೆಗೆದರೂ ಕೆಲಸ ಮುಗಿಯದು. ಚಳಿಯಲ್ಲಿ ತೀರ ದಪ್ಪವಾಗದೆ, ಕಾವಿನಲ್ಲಿ ತೀರ ತೆಳುವಾಗದೆ ಇರುವ ಗುಣವನ್ನು ಅಳೆಯಲು 1929ರಲ್ಲಿಯೇ ಇಬ್ಬರು ವಿಜ್ಞಾನಿಗಳು ಒಂದು ಮಾನವನ್ನು ಏರ್ಪಡಿಸಿದರು. ಆ ಅಂಕೆ ಹೆಚ್ಚಿದಷ್ಟೂ ಎಣ್ಣೆ ಸ್ಥಿರಸ್ವಭಾವದ್ದು. ಅದನ್ನು ಹೆಚ್ಚಿಸಲು ಮೂಲತೈಲಕ್ಕೆ ಕೆಲವು ರಾಸಾಯನಿಕ ದ್ರವ್ಯಗಳನ್ನು ಕೂಡಿಸುತ್ತಾರೆ. ಕೀಲೆಣ್ಣೆಗಳಿಗೆ ಕೂಡಿಸುವ ಇಂತಹ ದ್ರವ್ಯಗಳನ್ನು ತಯಾರಿಸುವ ಇಂಡಿಯನ್ ಅಡಿಟಿವ್ಸ್ ಎಂಬ ಕಾರ್ಖಾನೆಯೂ ಇದೇ ಮಣಲಿಯಲ್ಲಿದೆ. ಬೇಳೆ ಬೆಂದಮೇಲೆ ಒಗ್ಗರಣೆ ಬೀಳಬೇಕಷ್ಟೆ. ಬೇಳೆ ಬೆಂದ ಮಾತ್ರಕ್ಕೆ ಸಾಂಬಾರಾಗದು ಎಂಬುದನ್ನು ನಮ್ಮ ವಾಚಕರಿಗೆ ನಾನು ಕಲಿಸಬೇಕೆ?

ಇನ್ನು ಆಯ್ಕೆಯ ಮಾತು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ನಿಷ್ಠುರವಾದದ್ದು: ನಮ್ಮ ದೇಶದ ದಕ್ಷಿಣಭಾಗದಲ್ಲಿ ತಿರುಗುವ ವಾಹನಕ್ಕೆ ಚಳಿಗಾಲದ್ದೆಂಬ ಬೇರೊಂದು ಎಣ್ಣೆ ಬೇಕಾಗಿಲ್ಲ. ವಿಶೇಷ ಶೀತತೈಲವೆಂದು ಎರಡುಪಟ್ಟು ಬೆಲೆ ಹೇಳುವವನಿಗೂ, ಸೋರುವುದು ನಿಲ್ಲುತ್ತದೆಂದು ದಪ್ಪದೆಣ್ಣೆ ಅಳೆಯುವವನಿಗೂ ನಮಸ್ಕಾರ ಹೇಳಿ ಹಿಂದಿರುಗತಕ್ಕದ್ದು. ವಾಹನ ಮಾಡಿದವರು ತಮ್ಮ ಪುಸ್ತಕದಲ್ಲಿ ಯಾವುದನ್ನು ಹೇಳಿದ್ದಾರೋ ಅದೇ ಎಣ್ಣೆ ಮಣಲಿಗೂ ಆದೀತು, ಉದಕಮಂಡಲಕ್ಕೂ ಆದೀತು. ಅನೇಕ ವಾಹನಗಳಲ್ಲಿ ಡಬ್ಬಿಯ ಮುಚ್ಚಳದ ಮೇಲೆಯೇ ಅದರ ಹೆಸರನ್ನು ಅಚ್ಚೊತ್ತಿರುತ್ತಾರೆ; ಧೂಳನ್ನು ಒರೆಸಿ ಓದಬೇಕು.

ಕ್ವಾಲಿಸ್ ಮೊದಲಾದ ಹಳೆಯ ವಾಹನಗಳಿಗೆ ಹೇಳಿರುವುದು ಡೆಕ್ಸ್ರಾನ್ 2 ಅಥವಾ 3 ಎಂಬ ವರ್ಗದ ಎಣ್ಣೆ. ಮೂಲತಃ ಅದು ತಾನಾಗಿ ಗೇರು ಬದಲಿಸುವ ಪೆಟ್ಟಿಗೆಗಳಿಗಾಗಿ ಹುಟ್ಟಿದ್ದು. ಸೊನ್ನೆಗಿಂತ 40 ಡಿಗ್ರಿ ಕೆಳಗೆ ಕೂಡ ಅದು ಎಷ್ಟಕ್ಕಿಂತ ದಪ್ಪವಾಗಕೂಡದೆಂಬುದಕ್ಕೆ ಮಿತಿಯನ್ನು ವಿಧಿಸಿದ್ದಾರೆ. ಅಂತಹ ಎಣ್ಣೆಗೆ ನೀಲಗಿರಿಯ ಇಬ್ಬನಿ ಯಾವ ಲೆಕ್ಕ? ನಮ್ಮ ವ್ಯಾನಿಗೆ ಬಿದ್ದ 90 ನಂಬರಿನದಾದರೋ, 40 ಡಿಗ್ರಿಯ ಬಿಸಿಲಿನಲ್ಲಿಯೇ ಇದರ ನಾಲ್ಕೈದು ಪಟ್ಟು ದಪ್ಪ. ಚಳಿಯಲ್ಲಿ ಆ ಅಂತರ ಇನ್ನೂ ಬೆಳೆಯುತ್ತದೆ. ಕೆಲವು ಐರೋಪ್ಯ ಕಾರುಗಳಿಗೆ ಹಸಿರುಬಣ್ಣದ ಬೇರೊಂದು ತೆಳುವಾದ ಎಣ್ಣೆಯನ್ನು ಹೇಳಿರುತ್ತಾರೆ. ಹೊಂಡಾ ಕಂಪೆನಿಯವರು ತಮ್ಮದೇ ಆದ ಎಣ್ಣೆಯನ್ನು ಹೇಳುತ್ತಾರೆ. ಅವುಗಳಿಗೆ ಕೆಂಪನ್ನು ಬೆರೆಸಲಾಗದು. ಹಾಗೆಂದು ಬಣ್ಣವನ್ನು ನೋಡಿ ಕೊಳ್ಳುವುದೂ ಸಲ್ಲದು. ಕೆಂಪೆಂಬುದು ಸೋರಿದಾಗ ಗುರುತು ಹತ್ತಲೆಂದು ಸೇರಿಸಿದ ಬಣ್ಣ ಮಾತ್ರ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಂಪಾದ ಮಾತ್ರಕ್ಕೆ ಮೆಣಸಿನಪುಡಿಯೆಲ್ಲ ಬ್ಯಾಡಗಿಯದಾಗುತ್ತದೆಯೇ?

ಇತ್ತೀಚಿನ ಸಣ್ಣ ಕಾರುಗಳಲ್ಲಿ ಈ ಎಣ್ಣೆಯೇ ಇಲ್ಲವೆಂಬುದನ್ನೂ ಹೇಳಿಬಿಡಬೇಕು. ಅವುಗಳಲ್ಲಿ ವಿದ್ಯುತ್ ಮೋಟಾರು ಆ ಕೆಲಸವನ್ನು ಮಾಡುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಸಾಲಮಾಡಿ ಒಂದು ಹಳೆಯ ಚಿಕ್ಕ ಕಾರನ್ನು ಕೊಂಡು, ಊರಿಗೆ ಹೋಗುವ ಮುನ್ನ ಅಂಗಡಿಯವನ ಮಾತು ಕೇಳಿ ಒಂದು ಲೀಟರ್ ಸ್ಟಿಯರಿಂಗ್ ಎಣ್ಣೆ ತಂದರು. ಭಾನುವಾರ ಇಡೀ ಬಾನೆಟ್ಟಿನೊಳಗೆ ತಲೆಯಿಟ್ಟು ಅದನ್ನು ಸುರಿಯುವ ರಂಧ್ರವನ್ನು ಹುಡುಕಿದರು. ಸಿಗದಿದ್ದುದು ಅವರ ಪುಣ್ಯ. ಆ ಬಾಟಲಿ ಇಂದಿಗೂ ಅವರ ಮನೆಯಲ್ಲಿ ದೀಪದ ಎಣ್ಣೆಯ ಪಕ್ಕದಲ್ಲಿದೆ.

ನಗುವಿನ ಮಾತು ಹಾಗಿರಲಿ. ಬ್ರೇಕಿನ ಎಣ್ಣೆಯನ್ನು ಸ್ಟಿಯರಿಂಗಿಗೆ ಹಾಕುವುದನ್ನು ನಾನು ಎರಡು ಬಾರಿ ಕಣ್ಣಾರೆ ಕಂಡಿದ್ದೇನೆ. ಅದು ಖನಿಜತೈಲವೇ ಅಲ್ಲ. ಸ್ಟಿಯರಿಂಗಿನ ರಬ್ಬರ್ ಬಳೆಗಳನ್ನು ಅದು ಕೆಡಿಸುತ್ತದೆ. ಇದಕ್ಕಿಂತಲೂ ಭಯಂಕರವಾದದ್ದು ಇದರ ವಿಪರ್ಯಾಸ: ಸ್ಟಿಯರಿಂಗಿನ ಎಣ್ಣೆ ಬ್ರೇಕಿನ ಡಬ್ಬಿಗೆ ಬಿದ್ದರೆ ಅಲ್ಲಿಯ ರಬ್ಬರು ಉಬ್ಬಿ, ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕೈಕೊಡುತ್ತದೆ. ಎರಡು ಡಬ್ಬಿಗಳೂ ಒಂದೇ ಬಾನೆಟ್ಟಿನೊಳಗೆ ಇರುತ್ತವೆ. ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಎಣ್ಣೆ ಸುರಿಯುವವರು ಇದನ್ನು ಮರೆಯಕೂಡದು.

ಎಣ್ಣೆ ಹಾಕುವ ಕ್ರಮವೂ ಅಷ್ಟೇನು ಕಷ್ಟದ್ದಲ್ಲ. ಅಳತೆಯ ಕಡ್ಡಿಯ ಮೇಲೆಯೋ ಡಬ್ಬಿಯ ಮೇಲೆಯೋ ತಣ್ಣಗಿರುವಾಗ ಒಂದು, ಕಾದಿರುವಾಗ ಒಂದು ಎಂದು ಎರಡು ಗುರುತುಗಳಿರುತ್ತವೆ. ತಣ್ಣಗಿರುವಾಗ ಬಿಸಿಯ ಗುರುತಿಗೆ ತುಂಬಿದರೆ ಕಾದಮೇಲೆ ಉಕ್ಕುತ್ತದೆ, ಹಾಲಿನಂತೆ. ಎಣ್ಣೆ ಕಪ್ಪಾಗಿ ಸುಟ್ಟವಾಸನೆ ಬರುತ್ತಿದ್ದರೆ ಡಬ್ಬಿಯಲ್ಲಿರುವುದನ್ನು ದೊಡ್ಡ ಪಿಚಕಾರಿಯಿಂದ ಹೀರಿ ತೆಗೆದು ಹೊಸದನ್ನು ತುಂಬಿ, ಕೆಲವು ದಿನ ಓಡಿಸಿ, ಮತ್ತೆ ಹಾಗೆಯೇ ಎರಡು ಮೂರು ಸಲ ಮಾಡಿದರೆ ಬಹುಪಾಲು ಹಳೆಯದು ಹೋದಂತಾಯಿತು. ಚೆನ್ನೈಯ ಸೆಖೆಯಲ್ಲಿ ಎಣ್ಣೆ ಬೇಗ ಮುದಿಯಾಗುತ್ತದೆ. ಆ ಮುದಿತನ ಬಯಲಾಗುವುದು ಬೆಟ್ಟದ ಚಳಿಯಲ್ಲಿ. ಚಳಿಯ ಬೆಳಗಿನಲ್ಲಿ ಇಂಜಿನನ್ನು ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು, ಚಕ್ರವನ್ನು ಮೆಲ್ಲನೆ ಅತ್ತಿತ್ತ ಆಡಿಸಿ ಹೊರಡುವುದು ಕ್ಷೇಮ. ಒಂದೇ ಕಡೆಗೆ ಪೂರ್ತಿ ತಿರುಗಿಸಿ ಹಿಡಿದು ನಿಲ್ಲಬಾರದು. ಆಗ ಪಂಪಿಗೆ ಅತಿ ಶ್ರಮ.

ತೆಗೆದ ಹಳೆಯ ಎಣ್ಣೆಯನ್ನು ಹೋಟೇಲಿನ ಹಿಂದಿನ ಮೋರಿಗೆ ಚೆಲ್ಲುವವರಿಗೂ ಒಂದು ಮಾತು. 2023ರ ಡಿಸೆಂಬರಿನ ಚಂಡಮಾರುತದ ಕಾಲದಲ್ಲಿ ಎಣ್ಣೂರಿನ ಅಳಿವೆಯ ನೀರಿನ ಮೇಲೆ ಎಣ್ಣೆ ಹರಡಿ, ಬೆಸ್ತರ ದೋಣಿಗಳೂ ಬಲೆಗಳೂ ಮಸಿಯಾದದ್ದನ್ನು ನಾವೆಲ್ಲ ಕಂಡೆವು. ಒಂದು ಲೀಟರಿನಿಂದ ಅಷ್ಟು ಆಗದು, ನಿಜ. ಆದರೆ ನಾವು ಬಾಳುವ ಊರಿನ ನೀರು ಅದು. ಡಬ್ಬಿಯಲ್ಲಿ ಹಿಡಿದು ಮೆಕ್ಯಾನಿಕ್ಕಿಗೆ ಕೊಟ್ಟರೆ ಹಳೆಯ ಎಣ್ಣೆ ಕೊಳ್ಳುವವರಿಗೆ ತಲಪುತ್ತದೆ.

ಈಗ ನಾನು ಈ ಲೇಖನವನ್ನು ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಗೂಡಲೂರಿನಲ್ಲಿ ಪಂಪು ಬದಲಾಯಿಸಿದ ಹಣವನ್ನು ನಾವೆಲ್ಲರೂ ಸೇರಿ ಕೊಟ್ಟು, ಹಿಂದಿರುಗಿದಮೇಲೆ ಹೋಟೇಲಿನಿಂದ ಪಡೆದೆವು. ಆದರೆ ಆ ಮೊತ್ತ ತರುಣನ ಹೆಸರಿಗೆ ಬರೆಯಲ್ಪಟ್ಟು, ಅವನ ಸಂಬಳದಿಂದ ತಿಂಗಳು ತಿಂಗಳು ಕಡಿತವಾಯಿತು. ತಪ್ಪು ಎಣ್ಣೆ ಹಾಕಿದವನು ಅವನೇ ಅಲ್ಲವೇ ಎಂಬುದು ಅದಕ್ಕೆ ಕೊಟ್ಟ ಕಾರಣ. ಸೋರುತ್ತಿದೆಯೆಂದು ಒಂದು ತಿಂಗಳು ಹೇಳಿದವನು ಯಾರು? ಸರಿಯಾದ ಎಣ್ಣೆಗೆ ಬೇಕಾದ ಕೆಲವು ನೂರು ರೂಪಾಯಿಗಳನ್ನು ಕೊಡದೆ, ಇದ್ದುದರಲ್ಲಿ ನೋಡಿಕೋ ಎಂದವರು ಯಾರು? ನೌಕರನ ಅಲಕ್ಷ್ಯದಿಂದ ನಷ್ಟವಾಗಿದ್ದರೆ ಕಡಿತ ಮಾಡುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಅವನ ಸಮಾಧಾನವನ್ನು ಹೇಳಲು ಅವನಿಗೆ ಮೊದಲು ಅವಕಾಶ ಕೊಡತಕ್ಕದ್ದೆಂದು 1936ರ ವೇತನ ಪಾವತಿ ಕಾಯಿದೆಯೂ ಹೇಳಿತ್ತು, ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ಹೇಳುತ್ತದೆ. ಆ ತರುಣನನ್ನು ಯಾರೂ ಕೇಳಲಿಲ್ಲ. ಅವನೂ ಬಾಯಿಬಿಡಲಿಲ್ಲ, ಊರಿನವರ ಹೋಟೇಲು, ಯಜಮಾನರು ತಂದೆಯ ಸಮಾನ ಎಂಬ ದಾಕ್ಷಿಣ್ಯ. ಈ ದಾಕ್ಷಿಣ್ಯದಿಂದ ನಮ್ಮವರಿಗೆ ಅನ್ನ ದೊರೆತದ್ದುಂಟು, ಇಲ್ಲವೆನ್ನಲಾರೆ. ಆದರೆ ಹನ್ನೆರಡು ಮಂದಿಯ ಪ್ರಾಣವನ್ನು ತೋಳಿನಲ್ಲಿ ಎತ್ತಿ ಹಿಡಿದವನು ಆ ತಿಂಗಳು ತಾಯಿಗೆ ಕಳುಹಿಸುವ ಹಣದಲ್ಲಿ ಕೊರತೆ ಮಾಡಿಕೊಳ್ಳಬೇಕಾಯಿತು ಎಂಬುದು ನನಗೆ ಇಂದಿಗೂ ನುಂಗಲಾಗದ ತುತ್ತು. ನಾವು ಮೂವರು ಗುಮಾಸ್ತರು, ಓದುಬರಹ ಬಲ್ಲವರು, ಆಗ ಸುಮ್ಮನಿದ್ದೆವು. ಕಾಯಿದೆಯ ಮಾತು ನನಗೆ ತಿಳಿದದ್ದು ನಾಲ್ಕನೆಯ ಕಂತು ಮುರಿದುಕೊಂಡ ಮೇಲೆ. ಆಮೇಲೆ ನಾವೇ ಹೋಗಿ ಯಜಮಾನರೊಡನೆ ಕುಳಿತು ಮಾತಾಡಿದೆವು. ಉಳಿದ ಕಂತುಗಳು ನಿಂತವು. ಮುರಿದುಕೊಂಡದ್ದು ಹಿಂದಿರುಗಲಿಲ್ಲ.

ಈ ಪೊಂಗಲಿಗೆ ಅದೇ ವ್ಯಾನು ಮತ್ತೆ ಹೊರಡಲಿದೆ, ಈ ಸಲ ಬೆಂಗಳೂರು, ಹಾಸನ, ಸಕಲೇಶಪುರಗಳ ಮೇಲೆ ಶಿರಾಡಿ ಘಾಟಿಯ ದಾರಿ. ಸೋರುತ್ತಿದ್ದ ಕೊಳವೆಯನ್ನು ಬದಲಾಯಿಸಲಾಗಿದೆ. ಮೊನ್ನೆ ಆ ತರುಣನು ಮುಚ್ಚಳದ ಮೇಲಿನ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೊಹರು ಒಡೆಯದ ಒಂದು ಲೀಟರ್ ಡಬ್ಬಿಯನ್ನು ತಂದನು. ಬಿಲ್ಲನ್ನು ಹೋಟೇಲಿನ ಹೆಸರಿಗೇ ಬರೆಯಿಸಿಕೊಂಡು ಬಂದು ಗಲ್ಲೆಯ ಮೇಲೆ ಇಟ್ಟನು. ಮ್ಯಾನೇಜರು ಅದನ್ನು ಎರಡು ಸಲ ಓದಿ, ಅವನ ಮುಖವನ್ನೊಮ್ಮೆ ನೋಡಿ, ತೊಗರಿಬೇಳೆ, ಹುಣಿಸೆಹಣ್ಣುಗಳ ಬಿಲ್ಲುಗಳ ಮೇಲೆ ತಂತಿಗೆ ಚುಚ್ಚಿದರು.